ರೇಡಿಯೋ ಹಿಂದಿನ ವೈರು

ಮನೆಯಿಂದ,
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ತಮ್ಮನ ನಮಸ್ಕಾರ. ಕೈಬರಹ ನೋಡಿ ಗಾಬರಿಯಾಗಬೇಡ, ಅಮ್ಮ ಚೆನ್ನಾಗಿದ್ದಾಳೆ. ಅವಳು ಹೇಳಿ ಪುಟ್ಟಿ ಬರೆಯುವ ಕಾಗದ ನಿನಗೆ ಅಭ್ಯಾಸ. ಈ ಸಲ ಬರೆಯುತ್ತಿರುವವನು ನಾನೇ. ಆರು ವರ್ಷ ಎರಡು ತಿಂಗಳಲ್ಲಿ ಇದು ಮೊದಲನೆಯದು. ನಿನ್ನ ಸೊಂಟ ಹೇಗಿದೆ? ಹೊಸ ಬಸ್ಸಿನ ಸೀಟು ನೋಡಲು ಚೆಂದ, ಬೆನ್ನಿಗೆ ಮಾತ್ರ ಆಸರೆಯಿಲ್ಲ ಎಂದು ಅಮ್ಮನಿಗೆ ಬರೆದಿದ್ದೆಯಲ್ಲ, ಹಿಂದೆ ಒಂದು ಸಣ್ಣ ದಿಂಬು ಇಟ್ಟುಕೋ. ಮೆಟ್ಟಿಲಿಲ್ಲದ ಮನೆಗೆ ಹೋದ ಮೇಲೆ ಅತ್ತಿಗೆಯ ಮಂಡಿನೋವು ಇಳಿಯಿತೇ? ಇದೆಲ್ಲ ನನಗೆ ಹೇಗೆ ಗೊತ್ತು ಅನ್ನಬೇಡ. ನಿನ್ನ ಕಾಗದಗಳನ್ನು ಅಮ್ಮನಿಗೆ ಓದಿ ಹೇಳುವವನು ನಾನು. ಕೊನೆಗೆ ನೀನು ತಪ್ಪದೆ ಬರೆಯುವ 'ಉಳಿದವರಿಗೆ ನನ್ನ ನೆನಪು' ಎಂಬ ಸಾಲನ್ನೂ ನಾನೇ ಓದುತ್ತೇನೆ. ಆ ಉಳಿದವರಲ್ಲಿ ನಾನೂ ಒಬ್ಬ ಎಂದು ಲೆಕ್ಕ ಹಾಕಿಕೊಂಡು ಕಾಗದ ಮಡಚುತ್ತೇನೆ.

ಇಲ್ಲಿ ಎಲ್ಲರೂ ಕ್ಷೇಮ. ನಲ್ಲಿ-ಪೈಪಿನ ಅಂಗಡಿ ನಡೆಯುತ್ತಿದೆ. ಜನ ಇರುವಷ್ಟು ದಿನ ನಲ್ಲಿ ಸೋರುತ್ತದೆ, ನಲ್ಲಿ ಸೋರುವಷ್ಟು ದಿನ ನಾನು ಬದುಕುತ್ತೇನೆ. ಪುಟ್ಟಿಗೆ ಊರಾಚೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿದೆ. ಕಾರು ಓಡಿಸುವುದನ್ನು ಕಲಿತಳು, ಮೂರು ತಿಂಗಳು ಹಿಡಿಯಿತು. 'ದೊಡ್ಡಪ್ಪ ಇದ್ದಿದ್ರೆ ಮೂರೇ ದಿನದಲ್ಲಿ ಕಲಿಸ್ತಿದ್ರು, ಅದೂ ಬಯ್ಯದೆ' ಎಂದು ನನ್ನ ಮುಖ ನೋಡಿಕೊಂಡೇ ಹೇಳಿದಳು. ಅವಳಿಗೋಸ್ಕರ ಅಪ್ಪನ ಕಾರಿನ ಮೇಲಿನ ಟಾರ್ಪಾಲು ತೆಗೆದೆ. ನೀನು ಕೀಲಿ ಇಟ್ಟು ಹೋದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಒಳಗೆ ಕೂತು ನೋಡಿದರೆ ನನ್ನ ಕಾಲು ಪೆಡಲಿಗೆ ಎಟುಕಲಿಲ್ಲ. ಸೀಟು ನಿನ್ನ ಉದ್ದಕಾಲಿಗೆ ಎಷ್ಟು ಹಿಂದಕ್ಕೆ ಸರಿದಿತ್ತೋ ಅಷ್ಟೇ ಹಿಂದೆ ಇತ್ತು. ಮುಂದಕ್ಕೆ ಎಳೆಯುವುದು ಒಂದು ನಿಮಿಷದ ಕೆಲಸ. ಮನಸ್ಸು ಬರಲಿಲ್ಲ, ತುದಿಯಲ್ಲಿ ಕೂತೆ.

ಕಾರಿನ ಮಾತೆತ್ತಿದ ಮೇಲೆ ಆ ದಿನದ ಮಾತು ಬರದೆ ಇರುತ್ತದೆಯೇ. ಅಮ್ಮನನ್ನೂ ಅತ್ತಿಗೆಯನ್ನೂ ಕೂರಿಸಿಕೊಂಡು ನೀನು ಏರುದಾರಿ ಹತ್ತಿದ್ದೆ. ಯಾವುದೋ ಕಲ್ಲು ತಳಕ್ಕೆ ಬಡಿದು ಎಂಜಿನ್ನಿನ ಎಣ್ಣೆಯೆಲ್ಲ ಸೋರಿಹೋಗಿ, ಎಂಜಿನ್ ಬಿಗಿದು ನಿಂತುಬಿಟ್ಟಿತು. ಗ್ಯಾರೇಜಿಗೆ ಎಳೆದು ತಂದಾಗ ನೀನು ಹೇಳಿದ್ದು ಒಂದೇ ಮಾತು: 'ಎಣ್ಣೆ ದೀಪ ಹತ್ತಲೇ ಇಲ್ಲ ಕಣೋ.' ನಾನು ಏನು ಹೇಳಿದೆ ಎಂಬುದು ನಿನಗೂ ನೆನಪಿದೆ, ನನಗೂ ನೆನಪಿದೆ. 'ಹತ್ತಿರುತ್ತೆ, ನೀನು ನೋಡಿಲ್ಲ ಅಷ್ಟೇ. ಇಂಥ ಕಣ್ಣಿಟ್ಕೊಂಡು ದಿನಾ ಐವತ್ತು ಜನರನ್ನ ಹೆಂಗೆ ಕರ್ಕೊಂಡು ಹೋಗ್ತೀಯೋ!' ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿ ಒಂದು ನಾಯಿಗೂ ತಾಗಿಸದವನಿಗೆ ಈ ಮಾತು. ನಿನ್ನ ಡಿಪೋದ ಇಬ್ಬರು ಕಂಡಕ್ಟರುಗಳು ಅಲ್ಲೇ ನಿಂತಿದ್ದರು, ಅಮ್ಮ ಇದ್ದಳು, ಅತ್ತಿಗೆ ಇದ್ದರು, ಗ್ಯಾರೇಜಿನ ಮೇಷ್ಟ್ರು ಇದ್ದರು. ನೀನು ಕೀಲಿಯನ್ನು ಸ್ಪ್ಯಾನರುಗಳ ಪಕ್ಕ ಇಟ್ಟು ನಡೆದೆ. ಮುಂದಿನ ತಿಂಗಳು ನೀನೇ ಕೇಳಿ ದೂರದ ಡಿಪೋಗೆ ವರ್ಗ ಮಾಡಿಸಿಕೊಂಡೆ.

ಮೇಷ್ಟ್ರು ಈಗಲೂ ಹಾಗೇ ಇದ್ದಾರೆ, ಗಾಡಿ ತಂದವರನ್ನೆಲ್ಲ ಪಾಠ ಓದದ ಮಕ್ಕಳ ಹಾಗೆ ಬೈಯುತ್ತಾರೆ. ಈಗ ಪುಟ್ಟಿಗೋಸ್ಕರ ಎಂಜಿನ್ ಹೊಸದಾಗಿ ಕಟ್ಟಿ ಕೊಡುತ್ತ, 'ಎಣ್ಣೆ ದೀಪ ಹತ್ತುತ್ತಿಲ್ಲ, ಬಲ್ಬ್ ಹೋಗಿರಬೇಕು. ಅದನ್ನ ನಂಬಿ ಹೆಣ್ಣುಮಗೂನ ಕಳಿಸ್ತೀರಾ? ಮುಳ್ಳಿರೋ ಮೀಟರ್ ಹಾಕ್ಸಿ' ಅಂದರು. ಎಂಜಿನ್ನಿನಲ್ಲಿ ಎಣ್ಣೆಯ ಒತ್ತಡ ಎಷ್ಟಿದೆ ಎಂದು ತೋರಿಸುವ ಮೀಟರು. ಅಂಗೈಯಗಲ, ಕರೀ ಮುಖ, ಬಿಳೀ ಮುಳ್ಳು. ಹಾಕ್ಸಿ ಅಂದದ್ದನ್ನು ನಾನು ಹಾಕಿ ಎಂದು ಕೇಳಿಸಿಕೊಂಡೆ. ನಿನಗೆ ಗೊತ್ತಲ್ಲ, ಇನ್ನೊಬ್ಬರ ಕೈಗೆ ಕೆಲಸ ಕೊಟ್ಟರೆ ನನಗೆ ಅನ್ನ ಇಳಿಯುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಅಪ್ಪ ಸಿಗರೇಟು ಆರಿಸುತ್ತಿದ್ದ ಬೂದಿ ಡಬ್ಬಿ ಕಿತ್ತು, ಆ ತೂತನ್ನು ಅರದಲ್ಲಿ ಉಜ್ಜಿ ದುಂಡಗೆ ಮಾಡಿದೆ. ಎರಡು ಗಂಟೆ ಹಿಡಿಯಿತು, ಮೀಟರು ಹೇಳಿ ಮಾಡಿಸಿದ ಹಾಗೆ ಕೂತಿತು. ಕೆಳಗೆ ಎಂಜಿನ್ನಿಗೆ ಅದರ ಸೆನ್ಸರ್ ಕೂರಿಸಬೇಕು. ತಿರುಪಿ ಕೂರಿಸುವ ಕೆಲಸ ಅಂದ ಮೇಲೆ ನನಗೆ ಯಾರು ಹೇಳಿಕೊಡಬೇಕು? ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಎಂಟು ಸುತ್ತು ಸುತ್ತಿ, ಒಂದು ಹನಿ ಸೋರದ ಹಾಗೆ ಬಿಗಿದೆ. ಪುಟ್ಟಿ ಸ್ಟಾರ್ಟ್ ಮಾಡಿದಳು. ಒಂದು ಹನಿಯೂ ಸೋರಲಿಲ್ಲ. ಮುಳ್ಳೂ ಕದಲಲಿಲ್ಲ.

ವೈರು ಎಲ್ಲೋ ತಪ್ಪಿರಬೇಕೆಂದು ಒಂದೊಂದನ್ನೇ ಹಿಡಿದು ಹೊರಟೆವು. ಅದಕ್ಕೆ ರೇಡಿಯೋ ಹೊರಗೆಳೆಯಬೇಕಾಯಿತು. ಅದರ ಹಿಂದೆ ಒಂದು ವೈರು ಯಾವುದಕ್ಕೂ ಸೇರದೆ ಹಿಂದಕ್ಕೆ ಮಡಚಿಕೊಂಡು ಕೂತಿತ್ತು. ಅದರ ಜಾಡು ಹಿಡಿದು ಹೋದರೆ ಒಂದು ಕಡೆ ಎಂಜಿನ್. ಬಿಚ್ಚಿದ ತುದಿ ಸೇರಬೇಕಾಗಿದ್ದದ್ದು ಎಣ್ಣೆಯ ಕೆಂಪು ದೀಪಕ್ಕೆ. ಬಲ್ಬು ತೆಗೆದು ಬ್ಯಾಟರಿಗೆ ಹಿಡಿದೆ, ಬೆಳಗಿತು. ಅಂದರೆ ಬಲ್ಬಿಗೆ ಏನೂ ಆಗಿರಲಿಲ್ಲ. ರೇಡಿಯೋ ಕೂರಿಸುವಾಗ ಜಾಗ ಸಾಲದೆ ಯಾರೋ ವೈರನ್ನು ಕಿತ್ತು, ತುದಿಗೆ ಟೇಪು ಸುತ್ತಿ, ಮತ್ತೆ ಸೇರಿಸಲು ಮರೆತಿದ್ದಾರೆ. ಪುಟ್ಟಿ ಟೇಪು ಬಿಚ್ಚಿ ಬೆಳಕಿಗೆ ಹಿಡಿದು, 'ಅಪ್ಪಾ, ವೈರಿಗೆ ಯಾರಾದ್ರೂ ನಲ್ಲಿ ಟೇಪ್ ಸುತ್ತುತಾರಾ?' ಎಂದು ಕೇಳಿದಳು. ಅವಳಿಗೆ ಪ್ರಶ್ನೆ ಕೇಳುವ ಚಟ ಜಾಸ್ತಿ. ಟೀ ಮಾಡಿಕೊಂಡು ಬಾ ಎಂದು ಒಳಗೆ ಕಳಿಸಿದೆ.

ಹೊಸ ಮುಳ್ಳು ಕದಲದ ಕಾರಣವನ್ನು ಮೇಷ್ಟ್ರು ಮಾರನೆಯ ದಿನ ಒಂದೇ ನೋಟದಲ್ಲಿ ಹಿಡಿದರು. ಆ ಸೆನ್ಸರಿಗೆ ಎಂಜಿನ್ನಿನ ಕಬ್ಬಿಣ ನೇರವಾಗಿ ತಾಗಬೇಕಂತೆ, ಆಗಲೇ ಕರೆಂಟು ಹರಿಯುವುದು. ನಡುವೆ ನನ್ನ ಎಂಟು ಸುತ್ತು ಟೇಪು ಗೋಡೆ ಕಟ್ಟಿತ್ತು. 'ಏನ್ ಸ್ವಾಮಿ, ಎಂಜಿನ್ನಲ್ಲಿ ಸ್ನಾನದ ಮನೆ ಕಟ್ಟಿಸ್ತಿದ್ದೀರಾ?' ಎಂದು ಕೇಳಿ ಇಡೀ ಗ್ಯಾರೇಜನ್ನು ನಗಿಸಿದರು. ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ. ಟೇಪು ಕೆರೆದು ತೆಗೆದು ಮತ್ತೆ ಕೂರಿಸಿದರೆ ಮುಳ್ಳು ಸರ್ರನೆ ಅರವತ್ತಕ್ಕೆ ಎದ್ದು, ಎಂಜಿನ್ ಬಿಸಿಯಾದ ಮೇಲೆ ಇಳಿದು ಇಪ್ಪತ್ತೈದರಲ್ಲಿ ನಿಂತಿತು. ಆಕ್ಸಿಲರೇಟರ್ ಒತ್ತಿದರೆ ಏಳುತ್ತದೆ, ಬಿಟ್ಟರೆ ಇಳಿಯುತ್ತದೆ. ನಾನು ಅದನ್ನೇ ನೋಡುತ್ತ ಕೂತಿದ್ದೆ. ಇಂಥದ್ದನ್ನು ತೋರಿಸಲು ನನಗೆ ಈ ಊರಿನಲ್ಲಿ ಯಾರೂ ಇಲ್ಲ ಅಣ್ಣಾ. ಅಂಗಡಿಗೆ ಬರುವವರು ನೂರು ಜನ, ಮಾತಿಗೆ ಬರವಿಲ್ಲ. ಆದರೆ ಒಂದು ಕೆಲಸ ಸರಿಯಾಗಿ ಕೂತಾಗ 'ಹ್ಞೂಂ, ಪರವಾಗಿಲ್ಲ' ಎಂದು ನೀನು ಒಂದು ಹುಬ್ಬು ಏರಿಸುತ್ತಿದ್ದೆಯಲ್ಲ, ಆ ಲೆಕ್ಕಕ್ಕೆ ಬೇರೆ ಯಾರನ್ನೂ ಸೇರಿಸಲು ಬರುವುದಿಲ್ಲ.

ಪುಟ್ಟಿ ನಾಳೆಯಿಂದ ಗಾಡಿ ತೆಗೆಯುತ್ತಾಳೆ. ಅಮ್ಮ ನಿನಗೂ ಅತ್ತಿಗೆಗೂ ಆಶೀರ್ವಾದ ತಿಳಿಸಿದ್ದಾಳೆ. ನೀನು ಮಫ್ಲರ್ ಸುತ್ತಿಕೊಳ್ಳದೆ ಮುಂಜಾನೆ ಡ್ಯೂಟಿಗೆ ಹೋಗಬಾರದಂತೆ. ನನ್ನವಳು ಅತ್ತಿಗೆಯನ್ನು ಕೇಳಿದ್ದಾಳೆ. ಉಳಿದ ನಮ್ಮೆಲ್ಲರ ಪರವಾಗಿ ನಮಸ್ಕಾರ.

ನಿನ್ನ
ತಮ್ಮ

ತಾ.ಕ. (ಸೋಮವಾರ): ಅಂಚೆ ಡಬ್ಬಿ ತೆಗೆಯಲು ಇನ್ನು ಹತ್ತು ನಿಮಿಷ, ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಚ್ಚಿದ್ದೇನೆ. ಮೇಲೆ 'ಯಾರೋ' ಎಂದು ಬರೆದದ್ದು ಸುಳ್ಳು. ಆ ರೇಡಿಯೋ ಹಾಕಿದವನು ನಾನು, ನೀವು ಹೊರಟ ಹಿಂದಿನ ಸಂಜೆ, ದಾರಿಯಲ್ಲಿ ನೀನು ಹಾಡು ಕೇಳಲಿ ಎಂದು. ವೈರು ಕಿತ್ತವನೂ ನಾನೇ. ಕೀಲಿ ತಿರುಗಿಸಿದಾಗ ಆ ದೀಪ ಒಂದು ಸಲ ಹತ್ತಿ ಆರಬೇಕು, ನೀನಾಗಿದ್ದರೆ ಹತ್ತಲಿಲ್ಲವೆಂದು ಆಗಲೇ ಕೆಳಗಿಳಿಯುತ್ತಿದ್ದೆ. ಆದರೆ ಆ ಬೆಳಿಗ್ಗೆ ಸ್ಟಾರ್ಟ್ ಮಾಡಿ, ಬಿಸಿ ಮಾಡಿ, ಗೇಟಿನ ಮುಂದೆ ಓಡುತ್ತಿದ್ದ ಗಾಡಿಯನ್ನೇ ನಿನ್ನ ಕೈಗೆ ಕೊಟ್ಟವನು ನಾನು. ನಾನು ಹೊಸ ರೇಡಿಯೋ ನೋಡುತ್ತಿದ್ದೆ, ದೀಪ ನೋಡಲಿಲ್ಲ. ಕಣ್ಣಿಲ್ಲದೆ ಇದ್ದದ್ದು ನನಗೆ. ಅಮ್ಮನಿಗೆ ಹೇಳಿದೆ, ಮೇಷ್ಟ್ರಿಗೆ ಹೇಳಿದೆ, ಇಲ್ಲಿಯ ಡಿಪೋಗೆ ಹೋಗಿ ಆ ಇಬ್ಬರು ಕಂಡಕ್ಟರುಗಳಿಗೂ ಹೇಳಿ ಬಂದೆ. ಅತ್ತಿಗೆಗೆ ಮತ್ತು ನಿನಗೆ ಮಾತ್ರ ಬಾಕಿ. ಮುಂದಿನ ಭಾನುವಾರಕ್ಕೆ ಅಮ್ಮನನ್ನು ಕೂರಿಸಿಕೊಂಡು ಬರುತ್ತಿದ್ದೇನೆ. ಬರಬೇಡ ಅನ್ನುವುದಿದ್ದರೆ ಗುರುವಾರದೊಳಗೆ ಬರೆ. ಬಂದಾಗ ನೀನು ನನ್ನ ಜೊತೆ ಮಾತಾಡದಿದ್ದರೂ ಸರಿ. ಅಮ್ಮನನ್ನು ಕೂರಿಸಿಕೊಂಡು ನೀನೇ ಒಂದು ಸುತ್ತು ಓಡಿಸು, ನಾನು ಹಿಂದಿನ ಸೀಟಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಿರುತ್ತೇನೆ.