ಮಹಾರಾಣಿಯ ಫೋಟೋ

ಮಾರ್ಚ್ 2, ಬೆಳಿಗ್ಗೆ

ಬಟ್ಟಲು ನೆಲಕ್ಕಿಟ್ಟೆ. ಮಹಾರಾಣಿ ಬಂದಳು, ತಿಂದಳು, ಮುಖ ಒರೆಸಿಕೊಂಡು ಹೋದಳು. ಮೇಡಂ ಎಷ್ಟು ಕರೆದರೂ ಈ ಬೆಕ್ಕು ತಿರುಗಿ ನೋಡುವುದಿಲ್ಲ. ಆ ಜಂಬಕ್ಕೇ ಈ ಹೆಸರು. ನಾನು ಅಡುಗೆಮನೆಯಲ್ಲಿ ಬಟ್ಟಲಿಟ್ಟು "ಬಾರೇ" ಅಂದರೆ ಸಾಕು, ಓಡಿ ಬರುತ್ತಾಳೆ. ಈ ಮನೆಯಲ್ಲಿ ನನ್ನ ಮಾತು ಕೇಳುವವಳು ಇವಳೊಬ್ಬಳೇ.

ಮೇಡಂಗೆ ವರ್ಗವಾಗಿದೆ. ತಿಂಗಳ ಕೊನೆಗೆ ಹೊರಡಬೇಕು. ಅಲ್ಲಿನ ಕ್ವಾರ್ಟರ್ಸಿನಲ್ಲಿ ಪ್ರಾಣಿ ಸಾಕುವಂತಿಲ್ಲ.

"ಯಾರಿಗಾದ್ರೂ ಕೊಡ್ಬೇಕು ಕಣೇ. ಒಳ್ಳೆ ಫೋಟೋ ಹಾಕಿದ್ರೆ ಬೇಗ ಹೋಗ್ತಾಳೆ. ಫೋಟೋಗ್ರಾಫರ್ ಹತ್ತನೇ ತಾರೀಕು ಮನೆಗೇ ಬರ್ತಾರೆ. ಅಷ್ಟರಲ್ಲಿ ಇವಳನ್ನ ರೆಡಿ ಮಾಡು."

ತಲೆಯಾಡಿಸಿದೆ. ನಾನೆಲ್ಲಿಗೆ ಹೋಗಬೇಕು ಅಂತ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಚಿಕ್ಕಮ್ಮನ ಮನೆಗೆ. ಇನ್ನೆಲ್ಲಿಗೆ.

ಮಾರ್ಚ್ 3

ಕುತ್ತಿಗೆಯ ಕೆಳಗೆ ಕೂದಲು ಗಂಟುಗಟ್ಟಿದೆ. ಬಾಚಣಿಗೆ ಇಳಿಯುವುದಿಲ್ಲ. ಕತ್ತರಿಸಿದರೆ ಫೋಟೋದಲ್ಲಿ ಬೋಳು ಕಾಣುತ್ತದೆ. ಕೂದಲು ಜಾರಲಿ ಅಂತ ಜೋಳದ ಹಿಟ್ಟು ಉದುರಿಸಿ ಬೆರಳಲ್ಲೇ ಬಿಡಿಸಿದೆ, ಒಂದೊಂದೇ ಎಳೆ. ಒಂದೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಮಾತಾಡಿದೆ.

ಅಮ್ಮನ ವಿಷಯ ಹೇಳಿದೆ. ಅವಳನ್ನು ಆಸ್ಪತ್ರೆಗೆ ಕರೆದೊಯ್ದ ದಿನ ನನಗೆ ಜಡೆ ಹಾಕುತ್ತಿದ್ದಳು. ಅರ್ಧ ಹಾಕಿದ್ದಳು. "ಬಂದು ಮುಗಿಸ್ತೀನಿ ಇರು" ಅಂದಳು. ಆ ಅರ್ಧ ಜಡೆಯನ್ನು ನಾನು ಐದು ದಿನ ಬಿಚ್ಚಲಿಲ್ಲ. ನಾಲ್ಕನೇ ಕ್ಲಾಸಲ್ಲಿದ್ದೆ ಆಗ. ಮತ್ತೆ ಸ್ಕೂಲಿಗೆ ಹೋಗಲಿಲ್ಲ.

ಯಾರಿಗೂ ಹೇಳಿರಲಿಲ್ಲ ಇದನ್ನು. ಮಹಾರಾಣಿ ಕಣ್ಣು ಅರ್ಧ ಮುಚ್ಚಿಕೊಂಡು ಪೂರ್ತಿ ಕೇಳಿದಳು.

ಮಾರ್ಚ್ 5, ಮಧ್ಯಾಹ್ನ

ಸ್ನಾನ ಆಯಿತು. ಕೈಯಲ್ಲಿ ಮೂರು ಗೀರು, ಪರವಾಗಿಲ್ಲ. ಒಣಗಿಸಲು ಮೇಡಂ ತಮ್ಮ ಹೇರ್ ಡ್ರೈಯರ್ ಕೊಟ್ಟು ಹೋಗಿದ್ದರು.

ಕೆಳಗಿನ ಮನೆಯ ಅಜ್ಜಿ ಮೆಟ್ಟಿಲಿಂದಲೇ ಕೂಗಿದರು: "ಏ ಮೌನಗೌರಿ, ಹುಷಾರು! ಆ ಸದ್ದಿಗೆ ಬೆಕ್ಕು ಪರದೆ ಹತ್ತಿ ಕೂತ್ಕೊಳ್ಳುತ್ತೆ. ಆಮೇಲೆ ನೀನು ಬಾಯಿಬಿಟ್ಟು ಕರೆಯೋದೂ ಇಲ್ಲ, ಅದು ಇಳಿಯೋದೂ ಇಲ್ಲ!"

ಟವೆಲಿನಲ್ಲಿ ಬಿಗಿಯಾಗಿ ಸುತ್ತಿ, ಹಿಂದಿನಿಂದ ಸ್ವಿಚ್ ಒತ್ತಿದೆ. ಕಿವಿ ಕೂಡ ಅಲುಗಲಿಲ್ಲ. ಬಿಸಿ ಗಾಳಿಗೆ ಕುತ್ತಿಗೆ ಚಾಚಿ ಹಾಯಾಗಿ ಕೂತಳು.

ಏನೋ ಅನ್ನಿಸಿತು. ಟವೆಲ್ ಬಿಚ್ಚಿ ಬಿಟ್ಟೆ. ಅವಳ ಬೆನ್ನ ಹಿಂದೆ, ಕಲ್ಲಿನ ಕಟ್ಟೆಯ ಮೇಲೆ, ಸ್ಟೀಲ್ ತಟ್ಟೆ ಬೀಳಿಸಿದೆ. ನಾನೇ ಬೆಚ್ಚಿದೆ. ಅವಳು ಬಾಲ ನೆಕ್ಕುತ್ತಿದ್ದಳು.

"ಬಾರೇ" ಅಂದೆ. ಮತ್ತೆ ಅಂದೆ. ಜೋರಾಗಿ, ನನ್ನ ಜನ್ಮದಲ್ಲೇ ಅಷ್ಟು ಜೋರಾಗಿ ಕೂಗಿಲ್ಲ. ಇಲ್ಲ. ಆಮೇಲೆ ಬಾಯಿ ಮುಚ್ಚಿಕೊಂಡು ಹಿಮ್ಮಡಿಯಿಂದ ನೆಲಕ್ಕೆ ಎರಡು ಸಲ ತಟ್ಟಿದೆ. ಹಲಗೆಯ ನೆಲ, ಅದುರುತ್ತದೆ. ತಟ್ಟನೆ ತಿರುಗಿದಳು.

ಬಟ್ಟಲು. ಅವಳು ಬರುತ್ತಿದ್ದುದು ಬಟ್ಟಲು ನೆಲಕ್ಕೆ ತಾಗಿದ ಅದುರಿಗೆ.

ಹಾಗಾದರೆ ಮೂರು ವರ್ಷ ನಾನು ಹೇಳಿದ್ದೆಲ್ಲ...

ಮಾರ್ಚ್ 9

ಮೂರು ದಿನ ಬರೆಯಲಿಲ್ಲ. ಅವಳೊಂದಿಗೆ ಮಾತೂ ಆಡಲಿಲ್ಲ. ಅವಳಿಗೆ ವ್ಯತ್ಯಾಸವೇ ಆಗಲಿಲ್ಲ. ಎಂದಿನಂತೆ ಬಂದು ಮಡಿಲಲ್ಲಿ ಕೂತಳು.

ಉಗುರು ತೆಗೆದೆ. ಕಣ್ಣಿನ ಮೂಲೆ ಒದ್ದೆ ಹತ್ತಿಯಿಂದ ಒರೆಸಿದೆ. ಸೋಫಾಕ್ಕೆ ನೀಲಿ ಬಟ್ಟೆ ಹಾಸಿದೆ, ಬಿಳಿ ಮೈ ಎದ್ದು ಕಾಣಲಿ ಅಂತ.

ಮೇಡಂಗೆ ಹೇಳಬೇಕು. ಮೂರು ಸಲ ಅವರ ಬಾಗಿಲ ತನಕ ಹೋದೆ. ಒಂದು ಸಲ ಅವರೇ "ಏನೇ?" ಅಂದರು. "ಕಾಫಿ ಬೇಕಾ" ಅಂದೆ.

ಮಾರ್ಚ್ 10, ಸಂಜೆ

ಫೋಟೋಗ್ರಾಫರ್ ಹೆಂಗಸು. ಬೂಟು ಬಾಗಿಲಲ್ಲೇ ಬಿಚ್ಚಿ, ಬಂದವರೇ ನೆಲದ ಮೇಲೆ ಬೋರಲು ಮಲಗಿದರು. ಗಂಟೆ ಅಲ್ಲಾಡಿಸಿದರು. ಫೋನಿನಲ್ಲಿ ಹಕ್ಕಿ ಕೂಗಿಸಿದರು. ಮಹಾರಾಣಿ ಕಿಟಕಿಯ ಕಡೆಯೇ ನೋಡುತ್ತಿದ್ದಳು.

"ಮದುವೆ ಮನೇಲಿ ಮುಖ ಗಂಟು ಹಾಕ್ಕೊಂಡ ಬೀಗರನ್ನೇ ನಗಿಸಿದೀನಿ ಕಣಮ್ಮ, ನಿನ್ನ ಹತ್ರ ಸೋಲ್ಬೇಕಾ?"

"ತುಂಬಾ ಜಂಬ ಇವಳಿಗೆ" ಅಂತ ಮೇಡಂ ನಕ್ಕರು.

ನಾನು ಸೋಫಾದ ಪಕ್ಕ ಬಾಚಣಿಗೆ ಹಿಡಿದು ನಿಂತಿದ್ದೆ. ಹಿಮ್ಮಡಿಯಿಂದ ನೆಲ ತಟ್ಟಿದೆ. ತಿರುಗಿದಳು. ಕ್ಲಿಕ್. ಕ್ಯಾಮೆರಾದ ಹಿಂದೆ ಹೋಗಿ ನಿಂತು ಮತ್ತೆ ತಟ್ಟಿದೆ. ನೇರ ಈ ಕಡೆಗೇ ನೋಡಿದಳು, ಆ ನೀಲಿ ಕಣ್ಣು ಬಿಟ್ಟು.

"ಅರೆ, ಹೇಗೆ ತಿರುಗಿಸಿದ್ರಿ?"

ಸುಮ್ಮನೆ ನಕ್ಕೆ. ಅವರು ನನ್ನ ಮುಖ ನೋಡಲಿಲ್ಲ. ಕಾಲು ನೋಡಿದರು.

ಮಾರ್ಚ್ 13

ಫೋಟೋ ಹಾಕಿದ ಎರಡೇ ದಿನಕ್ಕೆ ಒಂದು ದಂಪತಿಯ ಫೋನು. ಮನೆ ದೊಡ್ಡ ರಸ್ತೆಗೇ ಇದೆಯಂತೆ, ಕೆಳಗಡೆ ಅಂಗಡಿ, ಬಾಗಿಲು ದಿನವಿಡೀ ತೆರೆದೇ ಇರುತ್ತದಂತೆ. "ಕರೆದ್ರೆ ಸಾಕು, ಬರ್ತಾಳೆ" ಅಂದರು ಮೇಡಂ ಫೋನಿನಲ್ಲಿ.

ಲಾರಿ ಹಾರ್ನ್ ಹಾಕುತ್ತದೆ. ಇವಳು ಬಾಲ ನೆಕ್ಕುತ್ತ ಕೂತಿರುತ್ತಾಳೆ.

ಹೇಳಬೇಕಾದ ಮಾತನ್ನು ಅವಳ ಮುಂದೆಯೇ ಕೂತು ಹತ್ತು ಸಲ ಅಭ್ಯಾಸ ಮಾಡಿದೆ. ಅವಳ ಮುಂದೆ ಈಗಲೂ ಮಾತು ಬರುತ್ತದೆ ನನಗೆ. ಕೇಳುವುದಿಲ್ಲ ಅಂತ ಗೊತ್ತಿದ್ದೂ.

ಮಾರ್ಚ್ 16

ಬಂದರು. ಗಂಡ ಹೆಂಡತಿ ಇಬ್ಬರೂ. ಬುಟ್ಟಿಯನ್ನೂ ತಂದಿದ್ದರು. ಆ ಅಕ್ಕ ಬಹಳ ಒಳ್ಳೆಯವರು, ಬೆಕ್ಕಿಗೆ ಅಂತ ಕೆಂಪು ಪಟ್ಟಿ ಹೊಲಿದು ತಂದಿದ್ದರು. ಅದಕ್ಕೊಂದು ಗೆಜ್ಜೆ. ಗೆಜ್ಜೆ ನೋಡಿದ ಮೇಲೆ ತಡೆಯಲಾಗಲಿಲ್ಲ.

"ಅವಳಿಗೆ ಕಿವಿ ಕೇಳಲ್ಲ" ಅಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. "ರಸ್ತೆ ಮನೆ ಬೇಡ" ಅಂದೆ. ಅಷ್ಟೇ. ಹತ್ತು ಸಲ ಅಭ್ಯಾಸ ಮಾಡಿದ್ದರಲ್ಲಿ ಬಂದಿದ್ದು ಅಷ್ಟೇ.

ಅಕ್ಕ ಗೆಜ್ಜೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು. ಯೋಚನೆ ಮಾಡಿ ಹೇಳುತ್ತೇವೆ ಅಂದರು. ಖಾಲಿ ಬುಟ್ಟಿ ಹಿಡಿದು ಇಳಿದು ಹೋದರು.

ಮೇಡಂ ಬಾಗಿಲು ಹಾಕಿ ಬಂದರು. "ಮೂರು ವರ್ಷ ಬಾಯಿ ಬಿಡದೋಳು ಇವತ್ತೇ ಬಿಡ್ಬೇಕಿತ್ತಾ?"

ಮಾರ್ಚ್ 17

ಸಂಜೆ ಮೇಡಂ ಮಹಾರಾಣಿಯ ಹಿಂದೆ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಒಮ್ಮೆ. ಇನ್ನೊಮ್ಮೆ. ಆಮೇಲೆ ಕುರ್ಚಿಯಲ್ಲಿ ಕೂತುಬಿಟ್ಟರು. "ಜಂಬ ಅಂತ ಎಷ್ಟು ಬೈದಿದೀನಲ್ಲೇ ಇದನ್ನ..."

ಫೋಟೋದ ಕೆಳಗೆ ಕಿವಿಯ ವಿಷಯ ಸೇರಿಸಿದರು.

ಮಾರ್ಚ್ 24

ಒಂದೂ ಫೋನಿಲ್ಲ. ಪೆಟ್ಟಿಗೆಗಳು ಹಜಾರದ ತುಂಬ. ಮೇಡಂ ಪ್ರಾಣಿಗಳ ಆಶ್ರಮದ ವಿಳಾಸ ಬರೆದಿಟ್ಟಿದ್ದಾರೆ. ಚಿಕ್ಕಮ್ಮನಿಗೆ ಫೋನ್ ಮಾಡಿ ಬೆಕ್ಕು ತರಲೇ ಅಂತ ಕೇಳಿದೆ. ನಾನೇ ಕೇಳಿದೆ!

"ನೀನು ಮಲಗೋಕೇ ಜಾಗ ಹುಡುಕ್ತಿದೀನಿ, ತಾಯಿ" ಅಂದಳು.

ಮಾರ್ಚ್ 28, ಮಧ್ಯಾಹ್ನ

ಫೋಟೋದವರು ತಾವಾಗಿಯೇ ಬಂದರು. ಮಹಾರಾಣಿಯನ್ನು ಕೇಳಿಕೊಂಡು.

"ಮೂರನೇ ಮಹಡಿ, ಒಬ್ಳೇ ಇದೀನಿ, ಬಾಗಿಲು ಯಾವಾಗ್ಲೂ ಮುಚ್ಚೇ ಇರುತ್ತೆ. ನೆಲ ಮಾತ್ರ ಹಲಗೇದಲ್ಲ. ಏನ್ಮಾಡ್ಲಿ?"

ಕೇಳಿದ್ದು ನನ್ನನ್ನು. ಮೇಡಂ ಅಲ್ಲೇ ನಿಂತಿದ್ದರೂ ನನ್ನನ್ನು.

ಹೇಳಿದೆ. ದೀಪ ಎರಡು ಸಲ ಹಾಕಿ ಆರಿಸಿ, ಕಲಿಯುತ್ತಾಳೆ. ಮಲಗಿದ್ದಾಗ ಮುಟ್ಟಬೇಡಿ, ಮೊದಲು ಹಾಸಿಗೆ ಅದುಮಿ. ಕುತ್ತಿಗೆಯ ಕೆಳಗೆ ಗಂಟಾಗುತ್ತದೆ, ಬೆರಳಲ್ಲೇ ಬಿಡಿಸಬೇಕು. ಬಿಡಿಸುವಾಗ ಮಾತಾಡುತ್ತಿರಿ.

"ಕೇಳಲ್ವಲ್ಲ?"

"ಆದ್ರೂ ಮಾತಾಡಿ" ಅಂದೆ.

ಬುಟ್ಟಿಯೊಳಗಿಂದ ಅವಳು ನನ್ನ ಕಾಲನ್ನೇ ನೋಡುತ್ತಿದ್ದಳು. ತಟ್ಟಲಿಲ್ಲ. ತಟ್ಟಿದ್ದರೆ ಹೊರಗೆ ಬರಲು ನೋಡುತ್ತಿದ್ದಳು.

ಮಾರ್ಚ್ 30, ಸಂಜೆ

ಲಾರಿ ಹೋಯಿತು. ಮೇಡಂ ಕೂಡ. ಬೀಗದ ಕೈ ಅಜ್ಜಿಗೆ ಕೊಟ್ಟು ನಾನು ಹೊರಡಬೇಕು.

ಫೋಟೋದವರು ನನಗೆ ಅಂತ ಒಂದು ಪ್ರಿಂಟ್ ಕೊಟ್ಟು ಹೋಗಿದ್ದಾರೆ. ಮೇಡಂ ಹಾಕಿದ್ದರಲ್ಲಿ ಇದಿರಲಿಲ್ಲ. ನೀಲಿ ಬಟ್ಟೆ, ಮಹಾರಾಣಿ, ಮೂಲೆಯಲ್ಲಿ ನನ್ನ ಪಾದ, ಹಿಮ್ಮಡಿ ಎತ್ತಿದ್ದು. ಅವಳು ಕ್ಯಾಮೆರಾ ನೋಡುತ್ತಿಲ್ಲ. ಪಾದಕ್ಕಿಂತ ಮೇಲೆ, ಚಿತ್ರದಲ್ಲಿ ಬೀಳದ ನನ್ನ ಮುಖದ ಕಡೆ ನೋಡುತ್ತಿದ್ದಾಳೆ.

ಸಿಂಕಿನ ಕೆಳಗೆ ಅವಳ ಬಟ್ಟಲು ಉಳಿದುಬಿಟ್ಟಿತ್ತು. ತೊಳೆದೆ. ಒರೆಸಿದೆ. ಚೀಲಕ್ಕೆ ಹಾಕಬೇಕಿತ್ತು, ಕೈ ತಾನಾಗಿ ನೆಲಕ್ಕಿಟ್ಟಿತು. ಖಾಲಿ ಮನೆ, ಸದ್ದು ಎಷ್ಟು ದೊಡ್ಡದಾಗಿ ಕೇಳಿಸಿತು. "ಬಾರೇ" ಅಂದೆ. ಅಂದು, ಹಜಾರದ ಕಡೆ ತಿರುಗಿ ನೋಡಿದೆ, ಅವಳು ಓಡಿ ಬರುತ್ತಾಳೇನೋ ಅಂತ.