ಇದೆ, ಆದರೆ ಕೊಡಲ್ಲ

ನಿನ್ನದೇ ಹಳೆಯ ಮನೆ, ಎರಡನೇ ಮಹಡಿ
ಸೋಮವಾರ, 14ನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತಾ? ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿದ ಮೇಲೂ ದಿನಾ ತಾರಸಿಗೆ ಹೋಗಿ ಬಟ್ಟೆ ಒಣಹಾಕುತ್ತೀಯಂತೆ, ಭಾವ ಹೇಳಿದರು. ಹೇಳುವ ಬದಲು ಬಕೆಟ್ಟು ತಾವೇ ಹೊರಬಹುದಲ್ಲ? ಹೊಸ ಆಫೀಸಿನಲ್ಲಿ ಕಿಟಕಿ ಪಕ್ಕದ ಕುರ್ಚಿ ಸಿಕ್ಕಿತು ಎಂದು ನನಗೆ ಮೂರು ಸಲ ಹೇಳಿದರು. ಅಷ್ಟು ಖುಷಿಯಲ್ಲಿರುವ ಗಂಡಸಿಗೆ ಒಂದು ಬಕೆಟ್ಟು ಭಾರವಾಗಲಾರದು. ಇಲ್ಲಿ ಇವರಿಗೆ ಪ್ರೆಸ್ಸಿನಲ್ಲಿ ತಿಂಗಳಿಡೀ ಎರಡನೇ ಪಾಳಿ. ಪಾಪುವಿಗೆ ಮೇಲೆ ಎರಡು, ಕೆಳಗೆ ನಾಲ್ಕು ಹಲ್ಲು ಬಂದಿವೆ. ಆರೂ ಹಲ್ಲಿನ ಹರಿತ ಎಷ್ಟೆಂದು ನನ್ನ ಭುಜ ನೋಡಿದರೆ ಗೊತ್ತಾಗುತ್ತದೆ. ನಾನು ಮಾತ್ರ ನಿದ್ದೆಯ ಮುಖ ಕಂಡು ಬಹಳ ದಿನವಾಯಿತು. ಅವಳ ಎದೆಗೆ ಕಿವಿಯಿಟ್ಟೇ ಮಲಗುತ್ತೇನೆ. ಗೊರಗೊರ ಕೇಳಿದರೆ ಎದ್ದು ಕೂರುತ್ತೇನೆ, ಕೇಳದಿದ್ದರೆ ಯಾಕೆ ಕೇಳುತ್ತಿಲ್ಲ ಎಂದು ಎದ್ದು ಕೂರುತ್ತೇನೆ. ಈ ಕಾಗದದಲ್ಲಿ ಎಲ್ಲಾದರೂ ನನ್ನ ದನಿ ಏರಿದರೆ ಅರ್ಧ ನನ್ನ ಲೆಕ್ಕಕ್ಕೆ, ಅರ್ಧ ನಿದ್ದೆಗೇಡಿನ ಲೆಕ್ಕಕ್ಕೆ ಹಾಕಿಕೋ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಎರಡನೇ ವಾಕ್ಯಕ್ಕೆ ಬರುವಷ್ಟರಲ್ಲಿ ನೀನು "ಆಯ್ತು ಬಿಡೇ ಪುಟ್ಟಿ, ಹೋಗ್ಲಿ" ಅನ್ನುತ್ತೀಯ, ನಾನು ಬಿಟ್ಟುಬಿಡುತ್ತೇನೆ. ಕಾಗದದಲ್ಲಿ ನೀನು ಅಡ್ಡ ಬಾಯಿ ಹಾಕುವಂತಿಲ್ಲ. ಶನಿವಾರ ನೀನು ಕಳಿಸಿದ ಮೆಸೇಜನ್ನು ಹನ್ನೊಂದು ಸಲ ಓದಿದ್ದೇನೆ. "ಮೇಲಿನ ಮನೆಯವರು ಫೋನ್ ಮಾಡಿದ್ರು. ಶುಕ್ರವಾರ ಹತ್ತು ದಿನ ಪ್ರವಾಸ ಹೋಗ್ತಾರಂತೆ. ಪಾಪುವಿನ ನೆಬ್ಯುಲೈಜರ್ ಬೇಕಂತೆ, ಕೊಡ್ತಾಳೆ ಅಂದಿದ್ದೀನಿ. ಕಲ್ಲು ಮನಸ್ಸು ಮಾಡಬೇಡ್ವೇ." ಕೊನೆಗೆ ಒಂದು ನಗುವ ಮುಖದ ಚಿತ್ರ ಬೇರೆ. ಉಬ್ಬಸದ ಮಗುವಿಗೆ ಔಷಧಿಯ ಆವಿ ಕೊಡುವ ಯಂತ್ರವನ್ನು, ಆ ಮಗುವಿನ ತಾಯಿಯನ್ನು ಒಂದು ಮಾತೂ ಕೇಳದೆ, ದೂರದ ಊರಿನಲ್ಲಿ ಕೂತು ನೀನು ದಾನ ಮಾಡಿದೆ. ನಿನ್ನ ಮೇಲೆ ಸಿಟ್ಟಿಲ್ಲ ಎಂದು ಬರೆಯಲು ಹೊರಟಿದ್ದೆ. ಇದೆ.

ಆರು ವರ್ಷ ಈ ಮನೆಯಲ್ಲಿದ್ದು ನನಗೆ ಬಿಟ್ಟುಕೊಡುವಾಗ ನೀನು ಎರಡು ಕಾಟ ಉಳಿಸಿ ಹೋದೆ: ಅಡುಗೆಮನೆಯ ಸೋರುವ ನಲ್ಲಿ, ಇನ್ನೊಂದು ನಿನ್ನ ಒಳ್ಳೆಯ ಹೆಸರು. ನಲ್ಲಿಯನ್ನು ಪ್ಲಂಬರ್ ಸರಿಮಾಡಿದ. ನಿನ್ನ ಹೆಸರು ಮಾತ್ರ ಈಗಲೂ ಬಾಗಿಲ ಬಳಿ ನಿಂತು ಬೆಲ್ ಒತ್ತುತ್ತದೆ. "ನಿಮ್ಮಕ್ಕ ಇದ್ದಾಗ ಕೇಳೋದೇ ಬೇಕಿರ್ಲಿಲ್ಲಮ್ಮ, ಅವರೇ ತಂದು ಕೊಡ್ತಿದ್ರು." ಈ ಕಟ್ಟಡದಲ್ಲಿ ನಿನ್ನನ್ನು ಹೊಗಳುವವರೆಲ್ಲರ ಕೈಯಲ್ಲೂ ನಮ್ಮ ಒಂದೊಂದು ಸಾಮಾನು ಇರುತ್ತದೆ, ಗಮನಿಸಿದ್ದೀಯಾ? ಎದುರು ಮನೆಯ ಲೆಕ್ಚರರ್ ಮಹಾಶಯರು ನಮ್ಮ ಪೇಪರನ್ನು ನಾನು ಬಾಗಿಲು ತೆಗೆಯುವ ಮೊದಲೇ ಎತ್ತಿಕೊಂಡು ಹೋಗಿ, ಪದಬಂಧ ತುಂಬಿ ವಾಪಸು ಇಡುತ್ತಾರೆ. ಅದೂ ತಪ್ಪು ತಪ್ಪಾಗಿ, ಪೆನ್ನಿನಲ್ಲಿ. ಅವರನ್ನಾದರೂ ಕ್ಷಮಿಸಬಹುದು. ಪೇಪರಿಲ್ಲದೆ ಯಾರ ಉಸಿರೂ ಕಟ್ಟುವುದಿಲ್ಲ.

ಮೇಲಿನ ಮನೆಯಾಕೆಯ ವಿಷಯ ಹಾಗಲ್ಲ. ಆಕೆ ಯಾವತ್ತಾದರೂ "ಕೊಡ್ತೀರಾ" ಎಂದು ಕೇಳಿದ್ದು ನಿನಗೆ ನೆನಪಿದೆಯಾ? ಕೇಳುವುದಿಲ್ಲ. ಕೊಡ್ತೀರಾ ಅಂದರೆ ಬೇಡಿದಂತಾಗುತ್ತದಲ್ಲ, ಅವರ ಘನತೆಗೆ ಕುಂದು. "ಇದ್ಯಾ?" ಅನ್ನುತ್ತಾರೆ. ಜನಗಣತಿಗೆ ಬಂದವರ ಹಾಗೆ, ಬರೀ ವಿಚಾರಣೆ. "ಏಣಿ ಇದ್ಯಾ?" "ಇಸ್ತ್ರಿಪೆಟ್ಟಿಗೆ ಇದ್ಯಾ?" "ದೊಡ್ಡ ಪಾತ್ರೆ ಇದ್ಯಾ?" ನಾವು ಪೆದ್ದುಪೆದ್ದಾಗಿ "ಇದೆ" ಅಂದ ಕ್ಷಣವೇ ಕೈ ಹೊಸ್ತಿಲು ದಾಟಿರುತ್ತದೆ. ನಾನು ಅವರಿಗೆ ಇದ್ಯಾ ಆಂಟಿ ಎಂದೇ ಹೆಸರಿಟ್ಟಿದ್ದೇನೆ. ಇವರೂ ಈಗ ಹಾಗೇ ಕರೆಯುತ್ತಾರೆ, ಕರೆದ ಮೇಲೆ "ಪಾಪ, ತಗೊಂಡ್ ಹೋಗ್ಲಿ ಬಿಡೇ" ಎಂದೂ ಸೇರಿಸುತ್ತಾರೆ. ಈ ಪಾಪ ಎಂಬ ಪದ ಇಲ್ಲದಿದ್ದರೆ ನಮ್ಮ ಮನೆಯ ಅರ್ಧ ಸಾಮಾನು ಮನೆಯಲ್ಲೇ ಇರುತ್ತಿತ್ತು.

ನಮ್ಮ ಭಾಷೆಯೂ ಅವರ ಕಡೆಗೇ ನಿಂತಿದೆ ಕಣೇ ಅಕ್ಕ. ನಿರಾಕರಿಸಲು ನಾವು ಬಳಸುವ ಮಾತು ಯಾವುದು? ಇಲ್ಲ. ಇಲ್ಲ ಅಂದರೆ ವಸ್ತು ಇಲ್ಲ ಎಂದರ್ಥ. ಇರುವ ವಸ್ತುವನ್ನು ಕೊಡಲಾರೆ ಎನ್ನಲು ಮರ್ಯಾದಸ್ಥರ ಬಾಯಲ್ಲಿ ಮಾತೇ ಇಲ್ಲ; "ಕೊಡಲ್ಲ" ಅಂದರೆ ಜಗಳಕ್ಕೆ ಕರೆದ ಹಾಗೆ. ಹಾಗಾಗಿ ನನ್ನಂಥ ದಾಕ್ಷಿಣ್ಯದವಳು ಕೊಡಲ್ಲ ಅನ್ನಬೇಕಾದಲ್ಲಿ ಇಲ್ಲ ಎಂದು ಸುಳ್ಳು ಹೇಳುತ್ತಾಳೆ, ಸಿಕ್ಕಿಬೀಳುತ್ತಾಳೆ. ನಾನು ಸಿಕ್ಕಿಬಿದ್ದದ್ದು ಹೇಗೆ ಗೊತ್ತಾ? "ಕುಕ್ಕರ್ ಇದ್ಯಾ?" ಅಂದರು. ಎದೆ ಗಟ್ಟಿ ಮಾಡಿಕೊಂಡು "ಇಲ್ಲ ಆಂಟಿ" ಅಂದೆ. ಅಂದ ಬಾಯಿ ಮುಚ್ಚುವ ಮೊದಲೇ ಒಳಗಿನಿಂದ ಕುಕ್ಕರ್ ಉದ್ದಕ್ಕೆ ಕೂಗಿತು. ಪಾಪುವಿಗೆ ಆ ಸದ್ದೆಂದರೆ ಪ್ರಾಣ, ನನ್ನ ಸೊಂಟದ ಮೇಲೆ ಕೂತು ಚಪ್ಪಾಳೆ ತಟ್ಟಿದಳು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆಕೆಗೆ ಒಂದು ಚೂರೂ ಇರಿಸುಮುರಿಸಾಗಲಿಲ್ಲ. "ಪರವಾಗಿಲ್ಲ, ಇಳಿಸಿದ ಮೇಲೆ ಕೊಡಿ, ಕಾಯ್ತೀನಿ" ಎಂದು ಒಳಗೆ ಬಂದು ಸೋಫಾದ ಮೇಲೆ ಕೂತರು. ಸುಳ್ಳು ಹೇಳಿದ ತಪ್ಪಿಗೆ ನಾನು ಕಾಫಿಯನ್ನೂ ಮಾಡಿಕೊಟ್ಟೆ. ಡಿಗ್ರಿ ಮುಗಿಸಿದವಳು ನಾನು, ತರ್ಕಶಾಸ್ತ್ರದಲ್ಲಿ ತರಗತಿಗೇ ಮೊದಲಿಗಳು!

ಇನ್ನು ನಿನಗೆ ಫೋನಿನಲ್ಲಿ ಪೂರ್ತಿ ಹೇಳದ ವಿಷಯ. ಹೋದ ತಿಂಗಳು ಅವರ ಮೊಮ್ಮಗನಿಗೆ ನೆಗಡಿ ಎಂದು "ನೆಬ್ಯುಲೈಜರ್ ಇದ್ಯಾ?" ಅಂದರು. ಮಗುವಿನ ವಿಷಯ, ಇದೆ ಅಂದೆ, ಕೊಟ್ಟೆ. ಸಂಜೆಗೆ ತರುತ್ತೇನೆ ಅಂದವರು ಎರಡು ದಿನವಾದರೂ ತರಲಿಲ್ಲ. ಮೂರನೇ ದಿನ ನಾಲ್ಕು ಗಂಟೆ ಹೊತ್ತಿಗೆ ಪಾಪು ನಿದ್ದೆಯಿಂದ ಎದ್ದವಳು ಅಳಲಿಲ್ಲ. ಅಳಲು ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ಪಕ್ಕೆಲುಬಿನ ನಡುವಿನ ಚರ್ಮ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಎತ್ತಿಕೊಂಡು ಬರಿಗಾಲಲ್ಲಿ ಮೇಲೆ ಓಡಿದೆ. ಬಾಗಿಲಿಗೆ ಬೀಗ. ಪಕ್ಕದ ಕಿಟಕಿಯ ಪರದೆ ಸರಿದಿತ್ತು. ಒಳಗೆ ಊಟದ ಮೇಜಿನ ಮೇಲೆ ನಮ್ಮ ಮಷೀನು ಕಾಣುತ್ತಿತ್ತು ಅಕ್ಕ, ವೈರು ಕೆಳಗೆ ಜೋತಾಡುತ್ತಿತ್ತು. ಅಟ್ಟದ ಮೇಲೆ ನಿನ್ನ ಮದುವೆಯ ಕಾಲದ ನೀಲಿ ಸೂಟ್‌ಕೇಸೂ ಕಂಡಿತು, ಅದರ ಮೇಲೆ ಬಿಳಿ ಬಣ್ಣದಲ್ಲಿ ಅವರ ಯಜಮಾನರ ಹೆಸರು ಬರೆದಿತ್ತು. ಫೋನ್ ಮಾಡಿದೆ. "ಅಯ್ಯೋ, ನಾವು ಗೃಹಪ್ರವೇಶಕ್ಕೆ ಬಂದಿದ್ದೀವಲ್ಲಮ್ಮ, ಬರೋದು ಎಂಟಾಗುತ್ತೆ. ಅಲ್ಲೀತನಕ ಬಿಸಿನೀರಿನ ಆವಿ ಹಿಡೀರಿ" ಅಂದರು. ಹಿಂದುಗಡೆ ಯಾರೋ ಊಟಕ್ಕೆ ಕರೆಯುತ್ತಿದ್ದರು. ಆಟೋ ಹಿಡಿದು ಕ್ಲಿನಿಕ್ಕಿಗೆ ಓಡಿದೆ. ಪಾಪುವಿನ ಮುಖಕ್ಕೆ ಮಾಸ್ಕು ಹಿಡಿದ ಡಾಕ್ಟರು ಕೇಳಿದರು, "ಮನೇಲಿ ಮಷೀನ್ ಇಟ್ಕೊಳ್ಳಿ ಅಂದಿದ್ದೆನಲ್ಲ, ಇಲ್ವಾ?" ನಾನು "ಇದೆ" ಅಂದೆ. ಆಮೇಲೆ "ಇಲ್ಲ" ಅಂದೆ. ಅವರು ನನ್ನ ಮುಖ ನೋಡಿದರು. ತಾಯಿಗೆ ತಲೆ ನೆಟ್ಟಗಿಲ್ಲ ಎಂದುಕೊಂಡಿರಬೇಕು. ಅವರ ಅನುಮಾನ ತಪ್ಪಲ್ಲ.

ಮಷೀನು ಮರುದಿನ ಬಂತು. ಔಷಧಿ ಹಾಕುವ ಬಟ್ಟಲು ಸೀಳಿತ್ತು, ಮಾಸ್ಕು ಇರಲಿಲ್ಲ. "ಮಗು ಆಟಕ್ಕೆ ಹಾಕ್ಕೊಂಡಿತ್ತು, ಎಲ್ಲೋ ಇದೆ, ಸಿಕ್ಕಿದ್ರೆ ಕೊಡ್ತೀನಿ" ಅಂದರು. ಪಾಪು ಈಗ ಹೇಗಿದ್ದಾಳೆ ಎಂದು ಕೇಳಲಿಲ್ಲ. ಫೋನಿನಲ್ಲಿ ನನ್ನ ದನಿ ಒರಟಾಗಿತ್ತು ಎಂದು ನಿನಗೆ ಮಾತ್ರ ಅದೇ ದಿನ ದೂರು ಹೇಳಿದರು. ನೀನು ನನಗೆ ಬುದ್ಧಿ ಹೇಳಿದೆ, ನಾನು ಹೂಂ ಅಂದೆ. ಬಟ್ಟಲು, ಮಾಸ್ಕು ಎರಡನ್ನೂ ಹೊಸದಾಗಿ ಕೊಂಡೆವು. ಈಗ ಅದೇ ಮಷೀನು ಹತ್ತು ದಿನಕ್ಕೆ ಬೇಕು. ಮೊಮ್ಮಗನಿಗೆ ಏನೂ ಆಗಿಲ್ಲ, ನಿನ್ನೆ ಮೆಟ್ಟಿಲ ಕಂಬಿಯ ಮೇಲೆ ಜಾರಿ ಆಡುತ್ತಿದ್ದ. ಬರೀ ಮುನ್ನೆಚ್ಚರಿಕೆಗಂತೆ. ಅವರ ಮುನ್ನೆಚ್ಚರಿಕೆಗೆ ನನ್ನ ಮಗಳ ಉಸಿರು!

ನೀನು ಅನ್ನಬಹುದು, ಅವರೇನು ಕೆಟ್ಟವರಲ್ಲ ಎಂದು. ಒಪ್ಪುತ್ತೇನೆ. ಕೆಟ್ಟತನಕ್ಕಾದರೂ ಇನ್ನೊಬ್ಬರು ಇದ್ದಾರೆ ಎಂಬ ಅರಿವು ಬೇಕು. ಇವರಿಗೆ ನಾವು ಮನುಷ್ಯರಲ್ಲ, ಕೆಳಗಿನ ಮಹಡಿಯಲ್ಲಿರುವ ಅವರ ಕಪಾಟು. ಕಪಾಟಿಗೆ ಮಗು ಇರುತ್ತದೆ, ಆ ಮಗುವಿಗೆ ಉಬ್ಬಸ ಇರುತ್ತದೆ ಎಂದು ಯಾರಿಗೆ ಹೊಳೆಯುತ್ತದೆ ಹೇಳು. ನನ್ನನ್ನು ನೋಡಿದರೂ ನನಗೆ ತಿರಸ್ಕಾರವೇ. ಮೂರು ದಿನದಿಂದ ಪಾಪುವನ್ನು ತೂಗುತ್ತಾ ಏನು ಹೇಳಲಿ, ಹೇಗೆ ಹೇಳಲಿ ಎಂದು ಪಾಠ ಒಪ್ಪಿಸುವ ಹುಡುಗಿಯ ಹಾಗೆ ಗೊಣಗುತ್ತಿದ್ದೇನೆ. ಕೆಟ್ಟಿದೆ ಅನ್ನಲಾ? ರಿಪೇರಿಗೆ ಕೊಟ್ಟಿದೆ ಅನ್ನಲಾ? ಅಷ್ಟರಲ್ಲಿ ಮಷೀನು ಒಳಗಿನಿಂದ ಗುರ್ ಅಂದರೆ? ಡಾಕ್ಟರು ಬೇಡ ಅಂದಿದ್ದಾರೆ ಎಂದು ಅವರ ತಲೆಗೆ ಕಟ್ಟಲಾ? ನನ್ನ ವಸ್ತುವನ್ನು ನಾನು ಕೊಡದಿರಲು ಊರವರ ಹೆಸರೆಲ್ಲ ಬೇಕು.

ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಮಾತು ಕೊಟ್ಟವಳು ನೀನು, ನೀನೇ ವಾಪಸು ತಗೋ. ಈ ಕಾಗದ ಕೊರಿಯರಿನಲ್ಲಿ ನಾಡಿದ್ದು ನಿನಗೆ ಸೇರುತ್ತದೆ. ಗುರುವಾರದೊಳಗೆ ಅವರಿಗೆ ಫೋನ್ ಮಾಡಿ, "ತಂಗಿಯನ್ನು ಕೇಳದೆ ಹೇಳಿಬಿಟ್ಟೆ, ಮಷೀನು ಕೊಡೋಕಾಗಲ್ಲ" ಅಂದುಬಿಡು. ನಿನ್ನ ಒಳ್ಳೆಯ ಹೆಸರು ಇಂಥ ಒಂದು ಮಾತಿಗೆ ಕೆಡುವಷ್ಟು ತೆಳುವಾಗಿದ್ದರೆ ಅದನ್ನು ಇಟ್ಟುಕೊಂಡು ತಾನೇ ಏನು ಮಾಡುತ್ತೀಯ? ಒರಟಾಗಿ ಬರೆದೆ. ಹೊಡೆದು ಹಾಕುವುದಿಲ್ಲ, ಇರಲಿ.

ಭಾವನಿಗೆ ನಮಸ್ಕಾರ ಹೇಳು, ಮಕ್ಕಳ ಕೆನ್ನೆ ನನ್ನ ಪರವಾಗಿ ಹಿಂಡು. ಮಂಡಿಗೆ ಎಣ್ಣೆ ಹಚ್ಚುವುದು ಮರೆಯಬೇಡ. ಬೈದದ್ದಕ್ಕೆ ಬೈದು ಬರೆ, ಆದರೆ ಬರೆ.

ನಿನ್ನ
ಪುಟ್ಟಿ

ಮತ್ತೆ ಬರೆದದ್ದು: ಅಕ್ಕಾ, ಕವರಿಗೆ ಅಂಟು ಹಚ್ಚುವಾಗಲೇ ಬೆಲ್ ಆಯಿತು. ಅವರೇ. "ಶುಕ್ರವಾರದ ತನಕ ಯಾಕೆ, ಈಗ್ಲೇ ಪ್ಯಾಕ್ ಮಾಡ್ಕೊಂಡುಬಿಡೋಣ ಅಂತ ಬಂದೆ. ಮಷೀನ್ ಇದ್ಯಾ?" ಅಂದರು. ಕಲಿತದ್ದೆಲ್ಲ ಮರೆತುಹೋಯಿತು. "ಇದೆ ಆಂಟಿ. ಕೊಡಲ್ಲ" ಅಂದೆ. ಕಾರಣ ಹೇಳಲಿಲ್ಲ. ಬಾಗಿಲ ಹಿಡಿ ಹಿಡಿದುಕೊಂಡು ನಿಂತೆ. ಈಗ ಅಳುತ್ತಾರೆ, ಕೂಗಾಡುತ್ತಾರೆ, ನಿನ್ನ ಹೆಸರು ಎತ್ತುತ್ತಾರೆ ಎಂದುಕೊಂಡೆ. ಆಕೆ ಏನಂದರು ಗೊತ್ತಾ? "ಹೌದಾ? ಸರಿ ಬಿಡಿ. ಸ್ಟೂಲ್ ಇದ್ಯಾ?" ಅಷ್ಟೇ! ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. "ಅದೂ ಇದೆ, ಅದನ್ನೂ ಕೊಡಲ್ಲ" ಅಂದೆ. ಚಪ್ಪಲಿ ಎಳೆದುಕೊಂಡು ಕೆಳಗಿನ ಮನೆಗೆ ಇಳಿದರು. ನೀನು ಆರು ವರ್ಷ, ನಾನು ಒಂದು ವರ್ಷ, ಯಾರು ನೊಂದುಕೊಳ್ಳುತ್ತಾರೆ ಎಂದು ಹೆದರಿ ಹೆದರಿ ಕೊಟ್ಟೆವೋ ಅವರಿಗೆ ನೋವೇ ಆಗಲಿಲ್ಲ ಅಕ್ಕ. ಹಾಗಾಗಿ ಮೇಲೆ ಬರೆದದ್ದನ್ನು ಬಿಟ್ಟುಬಿಡು, ಫೋನ್ ಮಾಡಲೇಬೇಡ. ಮಾಡಿದರೆ ನೀನು ಸಮಾಧಾನ ಹೇಳುತ್ತೀಯ, ಅವರು ನಾಳೆ ಮತ್ತೆ ಬರುತ್ತಾರೆ. ನಿನ್ನ ಮಾತು ಮುರಿದವಳು ನಾನು, ಸಿಟ್ಟು ಮಾಡುವುದಾದರೆ ನನ್ನ ಮೇಲೆ ಮಾಡು. ಪಾಪು ಎದ್ದಳು. ಜೋರಾಗಿ ಅಳುತ್ತಿದ್ದಾಳೆ, ಒಂದೇ ಉಸಿರಿನಲ್ಲಿ.