ಶಾಲೆ ಬಿಟ್ಟವರ ಅಂಕ

ಮಂಗಳವಾರ
...ಇವತ್ತೂ ಮಗಳ ಆ ವರದಿಯದೇ ಚಿಂತೆ. ಜ್ಞಾನಾಧಾರಿತ ಆರ್ಥಿಕತೆಗೆ ಯಾವ ದೇಶ ಎಷ್ಟು ಸಿದ್ಧವಾಗಿದೆ ಎಂದು ಅಂಕ ಹಾಕಿ ಅವಳು ನಾಳೆ ಒಪ್ಪಿಸಬೇಕು. ನನಗೆ ಕಾಲೇಜಿನ ಸಂಖ್ಯಾಶಾಸ್ತ್ರದಲ್ಲಿ ಮೀನ್, ಮೀಡಿಯನ್ ಅಷ್ಟೇ ನೆನಪಿದೆ, ಮೂರನೆಯದು ಹಾರಿಹೋಗಿದೆ. ಆದರೂ, "ಅಂಕ ಹೇಗೆ ಕೊಡ್ತೀಯಮ್ಮ?" ಎಂದೆ.

"ಸುಲಭ ಅಪ್ಪ. ಇಂಟರ್‌ನೆಟ್ ಜಾಸ್ತಿ ಇದ್ರೆ ಅಂಕ ಜಾಸ್ತಿ. ಸಂಶೋಧನೆ ಜಾಸ್ತಿ ಇದ್ರೆ ಜಾಸ್ತಿ. ಶಾಲೆ ಬಿಟ್ಟ ಮಕ್ಕಳು ಜಾಸ್ತಿ ಇದ್ರೆ..." ಎಂದವಳು ತಲೆ ಚಚ್ಚಿಕೊಂಡಳು. "ಅಯ್ಯೋ, ಅದಕ್ಕೂ ಜಾಸ್ತಿ ಕೊಟ್ಬಿಟ್ಟಿದೀನಿ! ಉಲ್ಟಾ ಮಾಡೋದೇ ಮರೆತೆ! ನಿನ್ನಿಂದ ತಪ್ಪು ಸಿಕ್ತು ಅಪ್ಪ!"

"ನಾನೇನೂ ಹೇಳಲಿಲ್ವಲ್ಲೇ?"

"ಕೂತು ಕೇಳಿದ್ಯಲ್ಲ, ಸಾಕು."

ನನ್ನವಳು ತೀರಿಕೊಂಡ ಮೇಲೆ ಯಾರೂ ನನ್ನನ್ನು ಕೂರಿಸಿಕೊಂಡು ಏನನ್ನೂ ವಿವರಿಸಿರಲಿಲ್ಲ. ಏನೂ ಅರ್ಥವಾಗದ ನಾನೂ ಇಷ್ಟು ಉಪಯೋಗಕ್ಕೆ ಬರುತ್ತೇನೆಂದರೆ ಪುಣ್ಯವೇ.

ಪಕ್ಕದ ಕೋಣೆಯಿಂದ ಮತ್ತೆ ಕರೆಯುತ್ತಿದ್ದಾಳೆ, ಮಿಕ್ಕದ್ದನ್ನೂ ನನಗೆ ಹೇಳಿಯೇ ನೋಡಬೇಕಂತೆ. ಇಲ್ಲಿ ಬೆಳಕೂ ಇಳಿಯುತ್ತಿದೆ, ಅಕ್ಷರ ಸರಿಯಾಗಿ ಕಾಣ...